ಅಡಿಕೆ ಸಿಪ್ಪೆಯಿಂದ ಮಲ್ಚಿಂಗ್ ಶೀಟಿನವರೆಗೆ: ಬೆಳೆಗಾರರ ಸಂಘಗಳಿಗೆ ಒಂದು ಬಹಿರಂಗ ಪತ್ರ

ಮಲೆನಾಡು, ಅರೆಮಲೆನಾಡು ಹಾಗೂ ಕರಾವಳಿಯ ಅಡಿಕೆ ಬೆಳೆಗಾರರ ಸಹಕಾರ ಸಂಘಗಳ ಮತ್ತು ರೈತ ಉತ್ಪಾದಕ ಕಂಪನಿಗಳ ನಿರ್ದೇಶಕ ಮಂಡಳಿಗಳ ಮಾನ್ಯ ಸದಸ್ಯರಿಗೆ,

ಅಡಿಕೆ ಸಿಪ್ಪೆಯನ್ನು ನುಣ್ಣಗೆ ಪುಡಿಮಾಡಿ ಮಣ್ಣಿನಲ್ಲಿ ಕರಗುವ ಪ್ಲಾಸ್ಟಿಕ್ ಶೀಟುಗಳಿಗೆ ಬೆರೆಸಬಹುದೆಂಬ ವಿಚಾರ ಸಂಶೋಧಕರಿಗೆ ಹೊಸದಲ್ಲ. ಭತ್ತದ ಹೊಟ್ಟು, ಕಬ್ಬಿನ ಬಗಾಸ್, ತೆಂಗಿನ ನಾರಿನ ಪುಡಿ, ಮೆಕ್ಕೆಜೋಳದ ದಿಂಡು ಇವುಗಳ ಸಾಲಿನಲ್ಲಿ ಅಡಿಕೆ ಸಿಪ್ಪೆಯೂ ಅಧ್ಯಯನಕ್ಕೆ ಒಳಗಾಗಿದೆ. ಇಂಥ ಯೋಜನೆಯೊಂದು ಸಂಘದ ಸಭೆಯ ಮುಂದೆ ಬಂದಾಗ ಅದು ಎರಡು ಭರವಸೆಗಳನ್ನು ಜೊತೆಯಾಗಿ ಹೊತ್ತು ಬರುತ್ತದೆ: ರಸ್ತೆಬದಿಯ ಸಿಪ್ಪೆ ರಾಶಿ ಕರಗುತ್ತದೆ ಎಂಬುದು ಒಂದು, ಬೆಳೆಗಾರನಿಗೆ ಇನ್ನೊಂದು ಆದಾಯ ಹುಟ್ಟುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಲೆಕ್ಕಕ್ಕೆ ನಿಲ್ಲುವುದಿಲ್ಲ. ಎರಡನೆಯದು ನಿಲ್ಲಬಹುದು, ಆದರೆ ಸಂಘವು ಶೀಟು ತಯಾರಿಸುವ ಸಾಹಸಕ್ಕೆ ಇಳಿಯದೆ, ಒಣಗಿದ, ಮಣ್ಣು ಸೋಕದ, ಅಳತೆಗೆ ಬದ್ಧವಾದ ಪುಡಿಯನ್ನು ಮಾರುವುದಕ್ಕೆ ತನ್ನ ಶಕ್ತಿಯನ್ನು ಮೀಸಲಿಟ್ಟರೆ ಮಾತ್ರ. ಮಂಡಳಿಗಳು ಬಂಡವಾಳದ ನಿರ್ಣಯಕ್ಕೆ ಕೈಯೆತ್ತುವ ಮುನ್ನ ತೂಗಿ ನೋಡಬೇಕಾದ ಸಂಗತಿಗಳನ್ನು ಈ ಪತ್ರ ಅವರ ಮುಂದಿಡುತ್ತದೆ.

ಪ್ಲಾಸ್ಟಿಕ್ ಉದ್ಯಮದ ಮಾತಿನಲ್ಲಿ ಫಿಲ್ಲರ್ ಎಂದರೆ ಮೂಲ ಪಾಲಿಮರಿನೊಳಗೆ ಬೆರೆಸುವ ಘನಪುಡಿ. ಅದು ದುಬಾರಿ ಪಾಲಿಮರಿನ ಒಂದು ಭಾಗದ ಜಾಗವನ್ನು ತಾನು ತುಂಬಿ ವೆಚ್ಚವನ್ನು ಇಳಿಸುತ್ತದೆ, ಶೀಟಿಗೆ ಬಿಗಿತವನ್ನು ಕೊಡುತ್ತದೆ, ಅದರ ಜೊತೆಗೆ ಶೀಟು ಹಿಗ್ಗುವ ಗುಣವನ್ನು ಕಡಿಮೆಯೂ ಮಾಡುತ್ತದೆ. ಮೂಲ ಪಾಲಿಮರು ಎಂದರೆ ಶೀಟಿನ ಮೈಯಾಗುವ ಉದ್ದ ಸರಪಳಿಯ ಅಣುಗಳ ವಸ್ತು. ಸದ್ಯ ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವವು ಮೂರು: ಸಕ್ಕರೆ ಅಥವಾ ಪಿಷ್ಟವನ್ನು ಹುದುಗಿಸಿ ಪಡೆದ ಲ್ಯಾಕ್ಟಿಕ್ ಆಮ್ಲದಿಂದ ಮಾಡುವ ಪಿಎಲ್‌ಎ, ಗ್ಲಿಸರಿನ್ ಬೆರೆಸಿ ಮೆದುವಾಗಿಸಿದ ಪಿಷ್ಟ, ಮತ್ತು ಪಿಬಿಎಟಿ. ಮೂರನೆಯದು ಹೆಚ್ಚಾಗಿ ಪೆಟ್ರೋಲಿಯಂ ಮೂಲದ್ದಾದರೂ ಸೂಕ್ಷ್ಮಜೀವಿಗಳು ಅದನ್ನು ತಿನ್ನಬಲ್ಲವು. ಒಂದು ವಸ್ತು ಕರಗುವುದೋ ಇಲ್ಲವೋ ಎಂಬುದನ್ನು ಅದರ ಹುಟ್ಟು ನಿರ್ಧರಿಸದೆ ಅಣುರಚನೆ ನಿರ್ಧರಿಸುತ್ತದೆ ಎಂಬುದಕ್ಕೆ ಪಿಬಿಎಟಿಯೇ ಸಾಕ್ಷಿ. ಪಿಎಲ್‌ಎ ಬಿಗಿಯಾದ ವಸ್ತು, ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಾಜಿನ ಸ್ವಭಾವದ್ದು, ಕೈಗಾರಿಕಾ ಕಾಂಪೋಸ್ಟಿನ ಬಿಸಿಯಿಲ್ಲದೆ ಹೊಲದ ಮಣ್ಣಿನಲ್ಲಿ ಬಹಳ ನಿಧಾನವಾಗಿ ಮಾತ್ರ ಕರಗುತ್ತದೆ. ಹೊಲಕ್ಕೆ ಹಾಸುವ ಮಲ್ಚಿಂಗ್ ಶೀಟಿಗೆ ಪಿಬಿಎಟಿ ಮತ್ತು ಪಿಷ್ಟದ ಮಿಶ್ರಣವೇ ಹೆಚ್ಚು ಒಗ್ಗುವುದು ಈ ಕಾರಣದಿಂದ.

ಮಂಡಳಿಗಳು ಅತ್ಯಂತ ಎಚ್ಚರದಿಂದ ಇರಬೇಕಾದ ಜಾಗವೂ ಇದೇ. ಸಾಮಾನ್ಯ ಪಾಲಿಥಿನ್‌ಗೆ ಸಿಪ್ಪೆಪುಡಿ ಬೆರೆಸಿದರೆ ಅದು ಜೈವಿಕವಾಗಿ ಕರಗುವ ಪ್ಲಾಸ್ಟಿಕ್ ಆಗುವುದಿಲ್ಲ. ಪುಡಿಯನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸಿದ ಮೇಲೆ ಪಾಲಿಥಿನ್ ತೂತು ತೂತಾಗಿ, ಚೂರುಚೂರಾಗಿ ಮಣ್ಣಿನಲ್ಲಿಯೇ ಉಳಿಯುತ್ತದೆ. 1970ರ ದಶಕದಲ್ಲಿ ಇಂಗ್ಲೆಂಡಿನ ಬ್ರೂನೆಲ್ ವಿಶ್ವವಿದ್ಯಾಲಯದ ಗ್ರಿಫಿನ್ ಪಾಲಿಥಿನ್‌ಗೆ ಪಿಷ್ಟವನ್ನು ಫಿಲ್ಲರ್ ಆಗಿ ಬೆರೆಸುವ ದಾರಿಯನ್ನು ತೋರಿದ ಮೇಲೆ ಮುಂದಿನ ದಶಕದಲ್ಲಿ ಅಂಥ ಚೀಲಗಳು ಕರಗುವ ಚೀಲಗಳೆಂಬ ಹೆಸರಿನಲ್ಲಿ ಮಾರಾಟವಾದವು, ಪಿಷ್ಟ ಹೋಯಿತು, ಪಾಲಿಥಿನ್ ಉಳಿಯಿತು, ಆ ಹೆಸರಿನ ಮೇಲಿನ ನಂಬಿಕೆಯೂ ಹೋಯಿತು. ಅದೇ ತಪ್ಪನ್ನು ಅಡಿಕೆಯ ಹೆಸರಿನಲ್ಲಿ ಮತ್ತೊಮ್ಮೆ ಮಾಡಿದರೆ ಕಳೆದುಹೋಗುವುದು ಬೆಳೆಗಾರರ ಸಂಘದ ಹೆಸರು. ಪುಡಿ ಕೊಳ್ಳಲು ಬರುವವರ ಮೂಲ ಪಾಲಿಮರು ಯಾವುದು ಎಂಬುದು ಮಾರುವವರಿಗೆ ಸಂಬಂಧವಿಲ್ಲದ ವಿಷಯವೆಂದು ತೋರಬಹುದು, ಆದರೆ ಹಾಗಲ್ಲ.

ಕಾನೂನಿನ ಚೌಕಟ್ಟು ಈ ದೃಷ್ಟಿಯಿಂದ ಸಾಕಷ್ಟು ಬಿಗಿಯಾಗಿದೆ. ಕೇಂದ್ರ ಸರ್ಕಾರದ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಮತ್ತು ಅವುಗಳ ತಿದ್ದುಪಡಿಗಳ ಪ್ರಕಾರ 2022ರ ಜುಲೈ 1ರಿಂದ ಹಲವು ಏಕಬಳಕೆ ವಸ್ತುಗಳು ನಿಷೇಧಕ್ಕೆ ಒಳಗಾದವು. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ ಎಂದು ಮಾರುವವರು ಐಎಸ್ 17088 ಮಾನದಂಡಕ್ಕೆ ಹೊಂದಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆದಿರಬೇಕು. 2024ರ ತಿದ್ದುಪಡಿಯು ಜೈವಿಕವಾಗಿ ವಿಘಟನೆಯಾಗುವ ಪ್ಲಾಸ್ಟಿಕ್ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳನ್ನು ಉಳಿಸಬಾರದು ಎಂಬ ಷರತ್ತನ್ನು ಸೇರಿಸಿತು. ಕಾಂಪೋಸ್ಟಿನ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಬಿಸಿಯಲ್ಲಿ. ಹೊಲದ ಮಣ್ಣಿನ ಮಾತು ಬೇರೆಯಾದ್ದರಿಂದ ಯುರೋಪಿನಲ್ಲಿ 2018ರಲ್ಲಿ ಮಲ್ಚಿಂಗ್ ಶೀಟುಗಳಿಗೆಂದೇ ಇಎನ್ 17033 ಎಂಬ ಮಾನದಂಡ ಬಂದಿತು. ಶೀಟಿನ ಇಂಗಾಲದ ಶೇ. 90 ಭಾಗ ಎರಡು ವರ್ಷಗಳೊಳಗೆ ಸಾಮಾನ್ಯ ಉಷ್ಣತೆಯ ಮಣ್ಣಿನಲ್ಲಿ ಇಂಗಾಲದ ಡೈಆಕ್ಸೈಡ್ ಆಗಿ ಹೊರಹೋಗಬೇಕೆಂಬುದು ಅದರ ತಿರುಳು. ಶೀಟು ತಯಾರಕನು ಯಾವ ಪರೀಕ್ಷೆಯ ಫಲಿತಾಂಶವನ್ನು ತೋರಿಸುತ್ತಾನೆ ಎಂಬುದನ್ನು ಕೇಳದೆ ಅವನ ಭರವಸೆಯನ್ನು ಒಪ್ಪಿಕೊಳ್ಳುವಂತಿಲ್ಲ.

ಕರ್ನಾಟಕದಲ್ಲಿ ಕೃಷಿ ತ್ಯಾಜ್ಯಕ್ಕೆ ಬರವಿಲ್ಲ. ಹಾಗಿದ್ದೂ ಅಡಿಕೆ ಸಿಪ್ಪೆಯನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ತ್ಯಾಜ್ಯವೆಂದು ಕರೆಯಲಾಗುವ ಬಹುಪಾಲು ವಸ್ತು ಈಗಾಗಲೇ ಯಾರದೋ ಉಪಯೋಗದಲ್ಲಿದೆ: ಬಗಾಸ್ ಸಕ್ಕರೆ ಕಾರ್ಖಾನೆಯ ಬಾಯ್ಲರಿಗೆ ಹೋಗಿ ವಿದ್ಯುತ್ತಾಗುತ್ತದೆ, ಗಂಗಾವತಿ ಸಿಂಧನೂರು ಕಡೆಯ ಅಕ್ಕಿ ಗಿರಣಿಗಳ ಹೊಟ್ಟು ಆ ಗಿರಣಿಗಳಿಗೇ ಉರುವಲಾಗುತ್ತದೆ. ಭತ್ತದ ಹೊಟ್ಟಿನಲ್ಲಿ ಇನ್ನೊಂದು ತೊಡಕಿದೆ. ಅದನ್ನು ಸುಟ್ಟರೆ ಉಳಿಯುವ ಬೂದಿ ತೂಕದ ಐದನೆಯ ಒಂದು ಭಾಗದಷ್ಟಿದ್ದು, ಆ ಬೂದಿಯ ಬಹುಪಾಲು ಸಿಲಿಕಾ, ಅಂದರೆ ಮರಳಿನ ಜಾತಿಯ ಗಟ್ಟಿ ಖನಿಜ, ಅದು ಪುಡಿಯನ್ನು ಪಾಲಿಮರಿಗೆ ಬೆರೆಸುವ ಯಂತ್ರದ ತಿರುಪನ್ನು ಸವೆಸುತ್ತದೆ. ಅಡಿಕೆ ಸಿಪ್ಪೆಯಲ್ಲಿ ಬೂದಿ ಅದಕ್ಕಿಂತ ಬಹಳ ಕಡಿಮೆ. ಕಾಯಿಯ ಮೈಯಲ್ಲಿ ದೊಡ್ಡ ಪಾಲು ಸಿಪ್ಪೆಯೇ ಆಗಿದ್ದು, ಅದು ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಎಂಬ ನಾರಿನ ಸಕ್ಕರೆ ಸರಪಳಿಗಳಿಂದಲೂ, ಅವನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್ ಎಂಬ ಮರದಂಟಿನಿಂದಲೂ ಆಗಿದೆ. ಸಿಪ್ಪೆ ಬೇಗ ಕೊಳೆಯದಿರುವುದಕ್ಕೆ ಈ ಲಿಗ್ನಿನ್ನೇ ಕಾರಣ. ಚನ್ನಗಿರಿ, ದಾವಣಗೆರೆ ಕಡೆಯ ರಸ್ತೆಗಳ ಅಂಚಿನಲ್ಲಿ ಸಿಪ್ಪೆಯ ರಾಶಿಗಳು ಬಿದ್ದಿರುವುದಕ್ಕೂ, ಕೊನೆಗೆ ಅವಕ್ಕೆ ಬೆಂಕಿ ಬಿದ್ದು ಹೊಗೆ ಊರನ್ನು ಆವರಿಸುವುದಕ್ಕೂ ಅದೇ ಮೂಲ.

ಆದರೆ ಸಿಪ್ಪೆಯೆಲ್ಲ ಒಂದೇ ಬಗೆಯದಲ್ಲ, ಮತ್ತು ಬಹುತೇಕ ಯೋಜನೆಗಳು ಎಡವುವ ಸಾಧ್ಯತೆ ಇರುವುದು ಇಲ್ಲಿಯೇ. ಕರಾವಳಿಯ ಚಾಲಿ ಪದ್ಧತಿಯಲ್ಲಿ ಹಣ್ಣಾದ ಅಡಿಕೆಯನ್ನು ಸಿಪ್ಪೆಯ ಸಮೇತ ಅಂಗಳದಲ್ಲಿ ಒಂದೂವರೆ ತಿಂಗಳಿನಷ್ಟು ಒಣಗಿಸಿ ಆಮೇಲೆ ಸುಲಿಯುತ್ತಾರೆ. ಹಾಗಾಗಿ ಪುತ್ತೂರು, ಸುಳ್ಯದ ಕಡೆ ಸಿಗುವ ಸಿಪ್ಪೆ ಬಿಸಿಲಿನ ಲಾಭವನ್ನು ಆಗಲೇ ಉಂಡ ಒಣ ನಾರು, ಅದನ್ನು ಒಣಗಿಸಿದ ಖರ್ಚು ಅಡಿಕೆಯ ಲೆಕ್ಕದಲ್ಲಿ ಮುಗಿದುಹೋಗಿದೆ. ಕೆಂಪಡಿಕೆಯ ಸೀಮೆಯಲ್ಲಿ, ಅಂದರೆ ಶಿವಮೊಗ್ಗ, ಚನ್ನಗಿರಿ, ಭೀಮಸಮುದ್ರ, ತೀರ್ಥಹಳ್ಳಿಗಳಲ್ಲಿ, ಎಳಸಾದ ಹಸಿ ಕಾಯಿಯನ್ನೇ ಯಂತ್ರದಲ್ಲಿ ಸುಲಿದು ಬೇಯಿಸುವುದರಿಂದ ಅಲ್ಲಿಯ ಸಿಪ್ಪೆ ನೀರು ತುಂಬಿದ ಹಸಿರು ಮುದ್ದೆ; ಮಳೆ ಇನ್ನೂ ಬಿಡದ ದಿನಗಳಲ್ಲಿ ಕೊಯ್ಲು ಶುರುವಾದರೆ ಅದು ರಾಶಿಯಲ್ಲಿಯೇ ಬಿಸಿಯಾಗಿ, ಬೂಷ್ಟು ಹಿಡಿದು, ಕಪ್ಪಾಗುತ್ತದೆ. ಎಲ್ಲಿ ಸಿಪ್ಪೆ ಅತಿ ಹೆಚ್ಚು ಕಾಟ ಕೊಡುತ್ತದೆಯೋ ಅಲ್ಲಿಯ ಸಿಪ್ಪೆ ಫಿಲ್ಲರಿಗೆ ಅತಿ ಕಡಿಮೆ ಒಗ್ಗುತ್ತದೆ ಎಂಬುದು ಅಹಿತಕರವಾದರೂ ನಿಜ. ಹಸಿ ಸಿಪ್ಪೆಯನ್ನು ಕಟ್ಟಿಗೆ ಸುಟ್ಟು ಒಣಗಿಸಿ ಪುಡಿಮಾಡುವ ಯೋಜನೆಯನ್ನು ಯಾರಾದರೂ ಮುಂದಿಟ್ಟರೆ ಉರುವಲಿನ ಲೆಕ್ಕವನ್ನು ಪ್ರತ್ಯೇಕ ಹಾಳೆಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ಒಣ ಸಿಪ್ಪೆ ಸಿಕ್ಕ ಮೇಲೆ ಎದುರಾಗುವ ಪ್ರಶ್ನೆ ನುಣುಪಿನದು. ತರಕಾರಿ ಹೊಲಗಳಿಗೆ ಹಾಸುವ ಮಲ್ಚಿಂಗ್ ಶೀಟಿನ ದಪ್ಪ ಸಾಮಾನ್ಯವಾಗಿ 25ರಿಂದ 30 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಪುಡಿಯ ಕಣವು ಶೀಟಿನ ದಪ್ಪಕ್ಕಿಂತ ದೊಡ್ಡದಾದರೆ ಅದು ಶೀಟಿನ ಮೈಯಿಂದ ಹೊರಗೆ ಉಬ್ಬಿ ನಿಂತು ತೂತಿಗೆ ಬೀಜವಾಗುತ್ತದೆ. ಶೀಟು ತಯಾರಾಗುವ ಬಗೆಯನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ: ಕರಗಿದ ಪಾಲಿಮರನ್ನು ವೃತ್ತಾಕಾರದ ಸೀಳಿನಿಂದ ಮೇಲಕ್ಕೆ ಹೊರಡಿಸಿ, ಒಳಗೆ ಗಾಳಿ ತುಂಬಿ, ಮಾಳಿಗೆಯೆತ್ತರದ ಗುಳ್ಳೆಯಾಗಿ ಹಿಗ್ಗಿಸಿ, ಸುತ್ತಲಿನ ತಣ್ಣನೆಯ ಗಾಳಿಯಲ್ಲಿ ಗಟ್ಟಿಯಾದ ಮೇಲೆ ಮಡಿಸಿ ಸುರುಳಿ ಸುತ್ತುತ್ತಾರೆ. ಗುಳ್ಳೆ ಹಿಗ್ಗುವ ಆ ಕ್ಷಣದಲ್ಲಿ ಒಂದು ಒರಟು ಕಣ ಎಲ್ಲಿದೆಯೋ ಅಲ್ಲಿಂದ ಸೀಳು ಹರಿದು ಇಡೀ ಗುಳ್ಳೆ ಕುಸಿಯಬಹುದು, ಆಗ ಯಂತ್ರವನ್ನು ನಿಲ್ಲಿಸಿ ಮತ್ತೆ ಮೊದಲಿನಿಂದ ಎಳೆಯಬೇಕಾಗುತ್ತದೆ. 200 ಮೆಶ್ ಜರಡಿಯನ್ನು ದಾಟಿದ ಪುಡಿಯ ಕಣ 75 ಮೈಕ್ರಾನಿನವರೆಗೂ ಇರುವುದರಿಂದ ತೆಳು ಶೀಟಿಗೆ ಅದು ಸಾಲದು. 325 ಮೆಶ್ ದಾಟಿದ, ಅಂದರೆ 45 ಮೈಕ್ರಾನಿನ ಒಳಗಿನ ಪುಡಿಯೂ ಗಡಿಯಂಚಿನದೇ. ಹಿಂದಿನ ವೈದ್ಯರು ವಸ್ತ್ರಗಾಳಿತವೆಂದು ಕರೆಯುತ್ತಿದ್ದ ನುಣುಪಿಗಿಂತ ಇದು ಮುಂದಿನ ಮಾತು. ನಾರಿನ ವಸ್ತುವಾದ್ದರಿಂದ ಸಿಪ್ಪೆ ಬಡಿತಕ್ಕೆ ಒಡೆಯದೆ ಬಾಗುತ್ತದೆ, ಗಿರಣಿ ಬಿಸಿಯಾಗುತ್ತದೆ, ನುಣುಪು ಹೆಚ್ಚಿದಂತೆ ವಿದ್ಯುತ್ ಬಿಲ್ಲು ಅದಕ್ಕಿಂತ ವೇಗವಾಗಿ ಏರುತ್ತದೆ. ಗಾಳಿಯಲ್ಲಿ ತೇಲುವ ಒಣ ನಾರಿನ ಧೂಳು ಕಿಡಿ ತಗುಲಿದರೆ ಸ್ಫೋಟಿಸಬಲ್ಲದು ಮತ್ತು ಕಾರ್ಮಿಕರ ಶ್ವಾಸಕೋಶಕ್ಕೂ ಹಾನಿಕರ. ಧೂಳು ಹೀರುವ ವ್ಯವಸ್ಥೆಯ ಖರ್ಚನ್ನು ಕೈಬಿಟ್ಟ ಯೋಜನಾ ವರದಿಯನ್ನು ಮಂಡಳಿಗಳು ಅಲ್ಲಿಯೇ ಹಿಂತಿರುಗಿಸಬೇಕು.

ತೇವದ ವಿಚಾರವೂ ಅಷ್ಟೇ ನಿಷ್ಠುರ. ಅಂಗಳದಲ್ಲಿ ಒಣಗಿ ಗರಿಗರಿಯಾದ ಸಿಪ್ಪೆಯೂ ಗಾಳಿಯಿಂದ ನೀರನ್ನು ಹೀರಿಕೊಂಡಿರುತ್ತದೆ. ಆ ನೀರು 150 ಡಿಗ್ರಿಯ ಕರಗಿದ ಪಾಲಿಮರಿನೊಳಗೆ ಆವಿಯಾಗಿ ಶೀಟಿನ ತುಂಬ ಬೊಕ್ಕೆಗಳನ್ನು ಎಬ್ಬಿಸುತ್ತದೆ, ಪಿಎಲ್‌ಎಯಂಥ ಪಾಲಿಮರಿನ ಸರಪಳಿಗಳನ್ನೇ ಕತ್ತರಿಸುತ್ತದೆ. ಇತ್ತ ಬಿಸಿಯನ್ನು ಬೇಕಾದಷ್ಟು ಏರಿಸುವಂತಿಲ್ಲ. 200 ಡಿಗ್ರಿ ದಾಟಿದರೆ ಹೆಮಿಸೆಲ್ಯುಲೋಸ್ ಸುಡತೊಡಗಿ ಶೀಟಿಗೆ ಕರಕಲು ವಾಸನೆ ಬರುತ್ತದೆ. ಪಿಬಿಎಟಿ 120 ಡಿಗ್ರಿಯ ಆಸುಪಾಸಿನಲ್ಲಿಯೇ ಕರಗುವುದರಿಂದ ಸಿಪ್ಪೆಪುಡಿಗೆ ಅದು ಹೊಂದಾಣಿಕೆಯ ಜೊತೆಗಾರ. ಹಾಗೆಯೇ ನಾರು ನೀರನ್ನು ಬಯಸುವ ವಸ್ತು, ಪಾಲಿಮರು ಅದನ್ನು ದೂರವಿಡುವ ವಸ್ತುವಾದ್ದರಿಂದ ಎರಡೂ ಸರಿಯಾಗಿ ಅಂಟಿಕೊಳ್ಳಲು ಪುಡಿಯನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ತೊಳೆಯುವ ಪದ್ಧತಿ ಸಂಶೋಧನೆಗಳಲ್ಲಿ ಬಳಕೆಯಲ್ಲಿದೆ. ಪ್ರಯೋಗಾಲಯದ ಬೀಕರಿನಲ್ಲಿ ಅದು ಸುಲಭ. ತೋಟಗಳ ನಡುವಿನ ಘಟಕವೊಂದರಲ್ಲಿ ಅದೇ ಕ್ರಿಯೆ ಕ್ಷಾರ ತುಂಬಿದ ಕಂದು ನೀರನ್ನು ಹಳ್ಳಕ್ಕೆ ಬಿಡುವ ಪ್ರಸಂಗವನ್ನು ತರುತ್ತದೆ, ಆದ್ದರಿಂದ ರಾಸಾಯನಿಕ ತೊಳೆತವನ್ನು ಸಂಘದ ಮಟ್ಟದಲ್ಲಿ ಕೈಗೊಳ್ಳದಿರುವುದೇ ಲೇಸು.

ಈಗ ಪ್ರಮಾಣದ ಲೆಕ್ಕ. 1.2 ಮೀಟರ್ ಅಗಲ, 400 ಮೀಟರ್ ಉದ್ದ, 25 ಮೈಕ್ರಾನ್ ದಪ್ಪದ ಒಂದು ಸುರುಳಿಯ ಗಾತ್ರ 12 ಲೀಟರು; ಪಿಬಿಎಟಿ ಆಧಾರದ ಶೀಟಾದರೆ ಅದರ ತೂಕ ಸುಮಾರು 15 ಕಿಲೋ. ಉದಾರವಾಗಿ ತೂಕದ ಶೇ. 20ರಷ್ಟು ಸಿಪ್ಪೆಪುಡಿ ಬೆರೆಸಿದರೂ ಒಂದು ಸುರುಳಿಗೆ 3 ಕಿಲೋ ಪುಡಿ ಸಾಕು. ಐದಡಿ ಅಂತರದ ಸಾಲುಗಳ ಒಂದು ಎಕರೆಗೆ ಸುಮಾರು ಏಳು ಸುರುಳಿ ಬೇಕಾಗುವುದರಿಂದ ಎಕರೆಗೆ 20 ಕಿಲೋ, ಸಾವಿರ ಎಕರೆ ಟೊಮೇಟೊ ಅಥವಾ ಕಲ್ಲಂಗಡಿ ಹೊಲಕ್ಕೆ 20 ಟನ್ ಪುಡಿ. ಕೆಲವೇ ಲಾರಿ ಲೋಡುಗಳು ಹೊತ್ತುಹೋಗುವ ಪ್ರಮಾಣವಿದು. ಒಂದು ಎಕರೆ ಅಡಿಕೆ ತೋಟದಿಂದ ವರ್ಷಕ್ಕೆ ಕ್ವಿಂಟಲುಗಳ ಲೆಕ್ಕದಲ್ಲಿ ಸಿಪ್ಪೆ ಬರುವಾಗ, ಲಕ್ಷಗಟ್ಟಲೆ ಹೆಕ್ಟೇರಿಗೆ ಹಬ್ಬಿರುವ ಈ ಬೆಳೆಯ ಸಿಪ್ಪೆಯನ್ನು ಶೀಟುಗಳು ನುಂಗಿಹಾಕುತ್ತವೆಂಬ ಮಾತು ಎಷ್ಟು ಹಗುರವೆಂಬುದು ಇದರಿಂದ ತಿಳಿಯುತ್ತದೆ. ರಾಶಿಯ ಬಹುಭಾಗ ತೋಟಕ್ಕೆ ಮುಚ್ಚಿಗೆಯಾಗಿ, ಗೊಬ್ಬರವಾಗಿ, ಅಡಿಕೆ ಬೇಯಿಸುವ ಒಲೆಗೆ ಉರುವಲಾಗಿಯೇ ಹೋಗಬೇಕು. ಆ ದಾರಿಗಳನ್ನು ಫಿಲ್ಲರಿನ ಆಸೆಯಲ್ಲಿ ಕಡೆಗಣಿಸುವುದು ನಷ್ಟದ ಬಾಬತ್ತು. ಆಯ್ದ, ಒಣ, ಶುದ್ಧ ಸಿಪ್ಪೆಯ ಒಂದು ಸಣ್ಣ ಪಾಲಿಗೆ ಮಾತ್ರ ಉರುವಲಿನ ಬೆಲೆಗಿಂತ ಮೇಲಿನ ಬೆಲೆ ಸಿಗಬಲ್ಲದು.

ಆ ಸಣ್ಣ ಪಾಲು ಯಾವ ಉತ್ಪನ್ನಕ್ಕೆ ಹೋಗಬೇಕೆಂಬುದೂ ಆಯ್ಕೆಯ ವಿಷಯ. ಸಿಪ್ಪೆಪುಡಿ ಬೆರೆತ ಶೀಟು ಕಂದು ಬಣ್ಣಕ್ಕೆ ತಿರುಗುತ್ತದೆ, ಪಾರದರ್ಶಕತೆ ಕಳೆದುಕೊಳ್ಳುತ್ತದೆ. ದಿನಸಿ ಕಟ್ಟುವವರಿಗೆ ಅದು ದೋಷ, ಕಳೆಗೆ ಬೆಳಕು ತಲುಪದಂತೆ ತಡೆಯಬೇಕಾದ ಹೊಲದಲ್ಲಿ ಅದು ಗುಣ, ಮೇಲಾಗಿ ಲಿಗ್ನಿನ್ ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ತರಕಾರಿ ಬೆಳೆಗಾರರು ಬೆಳೆ ಮುಗಿದ ಮೇಲೆ ಹರಿದ ಪಾಲಿಥಿನ್ ಶೀಟನ್ನು ಕಿತ್ತು ತೆಗೆಯಲು ಕೂಲಿ ತೆರಬೇಕಾಗಿದ್ದು, ಉಳಿದ ಚೂರು ಉಳುಮೆಯಲ್ಲಿ ಮಣ್ಣಿಗೆ ಸೇರುತ್ತದೆ. ಅತಿ ತೆಳು ಶೀಟಿನ ಚೂರುಗಳು ಹತ್ತಿಯ ಹೊಲಗಳಲ್ಲಿ ಪದರುಗಟ್ಟಿದ್ದನ್ನು ಕಂಡ ಚೀನಾ ಕನಿಷ್ಠ ದಪ್ಪವನ್ನು 8ರಿಂದ 10 ಮೈಕ್ರಾನಿಗೆ ಏರಿಸುವ ಮಾನದಂಡವನ್ನು 2017ರಲ್ಲಿ ತಂದಿತು. ಕರಗುವ ಶೀಟು ಪಾಲಿಥಿನ್‌ಗಿಂತ ಎಷ್ಟೋ ದುಬಾರಿಯಾದರೂ ಕಿತ್ತೆತ್ತುವ ಕೂಲಿಯನ್ನು ಉಳಿಸುತ್ತದೆ ಎಂಬುದೇ ಅದರ ಪರವಾಗಿ ಹೇಳಬಹುದಾದ ಗಟ್ಟಿ ಮಾತು. ನರ್ಸರಿಯ ಸಸಿ ಕೊಟ್ಟೆಗಳು ಇನ್ನೊಂದು ಸಾಧ್ಯತೆ. ಅವು ದಪ್ಪವಾಗಿರುವುದರಿಂದ ಸ್ವಲ್ಪ ಒರಟು ಪುಡಿಯನ್ನೂ ಸಹಿಸುತ್ತವೆ. ಕಾಫಿ, ಮೆಣಸಿನ ಸಸಿಗಳು ಕೊಟ್ಟೆಯಲ್ಲಿ ಕೆಲವೇ ತಿಂಗಳು ಇದ್ದು ಮಳೆಗಾಲಕ್ಕೆ ಮಣ್ಣು ಸೇರುವುದರಿಂದ ಅವಕ್ಕೆ ಇದು ಹೊಂದುತ್ತದೆ. ವರ್ಷ ದಾಟಿಯೂ ಕೊಟ್ಟೆಯಲ್ಲಿ ನೀರು ಕುಡಿಯುವ ಅಡಿಕೆ ಸಸಿಗೆ ಮಾತ್ರ ಅಡಿಕೆ ಸಿಪ್ಪೆಯ ಕೊಟ್ಟೆ ಹೊಂದುವುದಿಲ್ಲ ಎಂಬುದು ಈ ವ್ಯವಹಾರದ ಸಣ್ಣ ವಿನೋದ.

ಆಹಾರ ಪದಾರ್ಥಗಳನ್ನು ಸುತ್ತುವ ಶೀಟುಗಳಿಂದ ಸಂಘಗಳು ಸಂಪೂರ್ಣವಾಗಿ ದೂರವಿರಬೇಕು. ಅಡಿಕೆ ಹಾಳೆಯ ತಟ್ಟೆಗಳು ಯಾವ ಪ್ಲಾಸ್ಟಿಕ್ಕೂ ಇಲ್ಲದ ಶುದ್ಧ ವಸ್ತುವೆಂಬ ಹೆಸರಿನಲ್ಲಿ ಹೊರದೇಶಗಳಿಗೆ ಹೋಗುತ್ತಿದ್ದಾಗ, ಅಡಿಕೆ ಮರದಲ್ಲಿ ಸಹಜವಾಗಿರುವ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಇಳಿಯಬಹುದೆಂಬ ಕಾರಣಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರಲ್ಲಿ ಅವುಗಳ ಆಮದಿನ ವಿರುದ್ಧ ನಿಲುವು ತಳೆದು, ಕರ್ನಾಟಕದ ತಯಾರಕರನ್ನು ಕಷ್ಟಕ್ಕೆ ಸಿಲುಕಿಸಿತು. ಆ ನಿಲುವನ್ನು ಒಪ್ಪುವುದು ಬಿಡುವುದು ಬೇರೆ ಚರ್ಚೆ. ಹಾಳೆಗೆ ಎದ್ದ ಪ್ರಶ್ನೆ ಕಾಯಿಗೆ ಇನ್ನೂ ಹತ್ತಿರವಿರುವ ಸಿಪ್ಪೆಗೆ ಏಳದೆ ಇರುವುದಿಲ್ಲ.

ಸಿಪ್ಪೆಪುಡಿಯ ನಿಜವಾದ ಎದುರಾಳಿ ಯಾರೆಂಬುದನ್ನು ಯೋಜನಾ ವರದಿಗಳು ಹೇಳಲು ಹಿಂಜರಿಯಬಹುದು. ಅದು ಸುಣ್ಣದ ಕಲ್ಲಿನ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಅಗ್ಗ, ಬಿಳಿ, ಕೆಲವೇ ಮೈಕ್ರಾನಿನ ನುಣುಪಿನಲ್ಲಿ ಸಿದ್ಧವಾಗಿ ಸಿಗುವಂಥದ್ದು, ನೀರು ಹೀರದ್ದು, ವರ್ಷವಿಡೀ ಒಂದೇ ಗುಣಮಟ್ಟದ್ದು. ಕರಗುವ ಚೀಲಗಳಲ್ಲಿ ಈಗಾಗಲೇ ಧಾರಾಳವಾಗಿ ಬಳಕೆಯಲ್ಲಿದೆ. ಅದರ ಸಾಂದ್ರತೆ ನೀರಿನ 2.7 ಪಟ್ಟು, ಸಿಪ್ಪೆಯ ನಾರಿನದು ಸುಮಾರು ಒಂದೂವರೆ ಪಟ್ಟು. ಹೀಗಾಗಿ ಅಷ್ಟೇ ತೂಕದ ಸಿಪ್ಪೆಪುಡಿ ಹೆಚ್ಚು ಜಾಗವನ್ನು ತುಂಬಿ ಕಿಲೋ ಒಂದಕ್ಕೆ ಹೆಚ್ಚು ಉದ್ದದ ಶೀಟನ್ನು ಕೊಡುತ್ತದೆ. ಬೆಲೆಯ ಮಾತುಕತೆಯಲ್ಲಿ ಸಂಘದ ಕೈಗೆ ಸಿಗುವ ವಾದ ಇದು, ತ್ಯಾಜ್ಯವನ್ನು ಉಳಿಸಿದ ಪುಣ್ಯದ ವಾದಕ್ಕಿಂತ ಹೆಚ್ಚು ದಿನ ಬಾಳುವಂಥದ್ದು.

ಮೇಲಿನ ಎಲ್ಲವನ್ನೂ ಒಪ್ಪಿದ ಮಂಡಳಿಯೊಂದು ಮಾಡಬೇಕಾದದ್ದು ಹೆಚ್ಚೇನಿಲ್ಲ. ಚಾಲಿ ಸೀಮೆಯ ಒಂದೆರಡು ಸುಲಿಯುವ ಕೇಂದ್ರಗಳಲ್ಲಿ ಸಿಪ್ಪೆ ನೆಲಕ್ಕೆ ಬೀಳದಂತೆ ತಾಡಪಾಲಿನ ಮೇಲೆ ಹಿಡಿದು, ಕಲ್ಲು ಮಣ್ಣು ಸೇರದಂತೆ ಚೀಲಕ್ಕೆ ತುಂಬಿ, ಮಳೆಗಾಲಕ್ಕೆ ಮುನ್ನ ಪುಡಿಮಾಡಿಸಿ, ಪ್ರತಿ ಚೀಲದ ಮೇಲೆ ತೇವಾಂಶ, ಮೆಶ್, ಬೂದಿಯ ಪ್ರಮಾಣ ಈ ಮೂರನ್ನು ನಮೂದಿಸಿ ಮಾರುವ ಅಭ್ಯಾಸ ಬಂದರೆ ಅರ್ಧ ಕೆಲಸ ಮುಗಿದಂತೆ. ಪುಡಿಯನ್ನು ಪಾಲಿಮರಿನಲ್ಲಿ ದಟ್ಟವಾಗಿ ಬೆರೆಸಿ ಕಾಳುಗಳಾಗಿ ಮಾಡುವ ಕೆಲಸ, ಅಂದರೆ ಉದ್ಯಮದವರು ಮಾಸ್ಟರ್‌ಬ್ಯಾಚ್ ಎನ್ನುವುದು, ಜೋಡಿ ತಿರುಪಿನ ಯಂತ್ರವಿರುವವರಿಗೇ ಬಿಟ್ಟದ್ದು. ಮೈಸೂರಿನಲ್ಲಿರುವ ಸಿಪೆಟ್‌ನಂಥ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆಯಲ್ಲಿ ಮೊದಲ ಮಾದರಿಯ ಪರೀಕ್ಷೆ ಮಾಡಿಸಿ, ಅದರ ವರದಿ ಕೈಗೆ ಬರುವವರೆಗೆ ಗಿರಣಿಗೂ ಮುಂಗಡ ಕೊಡದಿರುವುದು ಜಾಣತನ.

ಕೊನೆಗೆ ಉಳಿಯುವುದು ಒಡೆತನದ ಪ್ರಶ್ನೆ. ಕೆಂಪಡಿಕೆಯ ಸೀಮೆಯಲ್ಲಿ ತೋಟದ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟ ಬೆಳೆಗಾರನ ಕಾಯಿ ಚೇಣಿದಾರನ ಕಣದಲ್ಲಿ ಸುಲಿಯಲ್ಪಡುತ್ತದೆ, ಸಿಪ್ಪೆ ಅಲ್ಲಿಯೇ ಉಳಿಯುತ್ತದೆ. ಅದಕ್ಕೆ ಬೆಲೆ ಇಲ್ಲದಿರುವವರೆಗೆ ಅದು ಯಾರದೆಂದು ಯಾರೂ ಕೇಳುವುದಿಲ್ಲ, ಹೊಗೆಯ ದೂರು ಬಂದಾಗ ಮಾತ್ರ ಇಬ್ಬರೂ ಅದು ತಮ್ಮದಲ್ಲವೆನ್ನಬಲ್ಲರು. ಬೆಲೆ ಬಂದ ದಿನ ಈ ಮಾತು ತಿರುಗುಮುರುಗಾಗುತ್ತದೆ. ಆದ್ದರಿಂದ ಸಿಪ್ಪೆ ಬೆಳೆಗಾರನಿಗೆ ಹಿಂತಿರುಗಬೇಕೋ, ಚೇಣಿದಾರನಲ್ಲಿಯೇ ಉಳಿಯಬೇಕೋ, ಉಳಿದರೆ ಅದರ ವಿಲೇವಾರಿಯ ಹೊಣೆಯೂ ಅವನದೇ ಆಗಬೇಕೋ ಎಂಬುದನ್ನು ಚೇಣಿ ಕರಾರಿನಲ್ಲಿ ಒಂದು ಸಾಲಾಗಿ ಬರೆಸುವ ನಿರ್ಣಯವನ್ನು ಮಂಡಳಿಗಳು ಮುಂದಿನ ಕೊಯ್ಲಿನ ಮಾತುಕತೆ ಶುರುವಾಗುವುದಕ್ಕೆ ಮೊದಲೇ ಕೈಗೊಳ್ಳಬೇಕೆಂದು ಕೋರಲಾಗಿದೆ.